ಹಕ್ಕಿಕಲ್ಲಿನ ಅಕ್ಕಿಶಂಖ

ಇಲ್ಲದ ಕೈ ಮತ್ತೆ ಉರಿಯತೊಡಗಿದೆ ಎಂದು ಸುಕೇಶನಿಗೆ ಖಾತ್ರಿಯಾದದ್ದು ಬೆಳಗಿನ ಗಂಜಿ ಉಣ್ಣುವಾಗ.

ಬಲಗೈ ಮೊಣಕೈಯಿಂದ ಕೆಳಗೆ ಹೋಗಿ ಹಲವು ಮಳೆಗಾಲಗಳೇ ಕಳೆದಿದ್ದವು. ಬೋಟಿನ ವಿಂಚ್ ತಿರುಗುತ್ತಿದ್ದಾಗ ಬಲೆಯ ಹಗ್ಗಕ್ಕೆ ಸಿಕ್ಕಿದ ಕೈ ಅದು. ಗಾಯ ಒಣಗಿದರೂ ಆ ಕೈ ಅವನನ್ನು ಬಿಟ್ಟು ಹೋಗಲಿಲ್ಲ. ಇಲ್ಲದ ಐದು ಬೆರಳುಗಳು ಮುಷ್ಟಿ ಕಟ್ಟಿಕೊಂಡು, ಉಗುರು ಅಂಗೈಗೆ ಇಳಿದು, ಕೆಂಡ ಹಿಡಿದಂತೆ ಉರಿಯುತ್ತಿದ್ದವು. ಕೈ ಹೋದರೂ ಮಿದುಳಿನಲ್ಲಿ ಅದರ ಜಾಗ ಹಾಗೆಯೇ ಇರುತ್ತದೆ, ತುಂಡಾದ ನರಗಳು ಅಲ್ಲಿಗೆ ಸುಳ್ಳು ಸುದ್ದಿ ಕಳಿಸುತ್ತವೆ ಎಂದು ಮಣಿಪಾಲದ ವೈದ್ಯರು ತಿಳಿಸಿ ಹೇಳಿದ್ದರು. ಸುದ್ದಿ ಸುಳ್ಳಿರಬಹುದು, ಉರಿ ಸುಳ್ಳಾಗಿರಲಿಲ್ಲ. ಎರಡು ವರ್ಷ ಅವನು ಸರಿಯಾಗಿ ಕೂತು ಉಂಡದ್ದಿಲ್ಲ.

ಆಮೇಲೆ ಬಂದದ್ದು ಶಂಖಹನಿ.

ಬಡಾಕೋಡಿಯ ಕಡಲತೀರದಲ್ಲಿ ಒಂದು ಔಷಧ ಸಂಶೋಧನಾ ಕೇಂದ್ರವಿತ್ತು. ಸುಕೇಶನ ಹೆಂಡತಿ ಪ್ರತಿಮಾ ಅಲ್ಲಿ ವಿಜ್ಞಾನಿ. ಊರಿನ ಮೊಗವೀರ ಹುಡುಗಿಯೇ. ಸಮುದ್ರದ ಬಸವನಹುಳುಗಳ ಬೆನ್ನು ಹತ್ತಿ ಗೋವಾ, ಕೊಚ್ಚಿ ಎಂದೆಲ್ಲ ಓದಿ ಊರಿಗೇ ಮರಳಿದವಳು. ಬೋಟಿನಲ್ಲಿ ಒಂದೂವರೆ ಗಂಟೆ ಹೋದರೆ ಸಿಗುವ ಹಕ್ಕಿಕಲ್ಲು ಎಂಬ ಪುಟ್ಟ ದ್ವೀಪದ ಬಡಗು ಬದಿಯಲ್ಲಿ, ಸತ್ತ ಹವಳದ ಚೂರು ಹಾಸಿಕೊಂಡ ತಳದಲ್ಲಿ, ಅಕ್ಕಿಕಾಳಿನಷ್ಟೇ ಗಾತ್ರದ ಒಂದು ಶಂಖ ಅವಳಿಗೆ ಸಿಕ್ಕಿತು. ಬಿಳಿಯ ಸುರುಳಿ, ಅದರ ಮೇಲೆ ಎರಡು ಕಂದು ಪಟ್ಟೆ. ನೋಡಿದರೆ ಅಯ್ಯೋ ಪಾಪ ಅನ್ನಿಸುವ ಜೀವ. ಆದರೆ ಅದರ ಬಾಯಲ್ಲಿ ಟೊಳ್ಳಾದ, ಕೊಕ್ಕೆಯುಳ್ಳ ಒಂದು ಹಲ್ಲು. ಎದುರಿಗೆ ಹುಳು ಬಂದರೆ ಆ ಹಲ್ಲನ್ನು ಈಟಿಯಂತೆ ಎಸೆದು, ಅದರೊಳಗಿಂದ ವಿಷ ಹರಿಸಿ, ಹುಳುವನ್ನು ಇದ್ದಲ್ಲೇ ಮರಗಟ್ಟಿಸಿ ನುಂಗುತ್ತದೆ. ವಿಷ ತಯಾರಾಗುವ ನಾಳವನ್ನು ಬಿಚ್ಚಿ ಎಳೆದರೆ ಅದರ ಮೈಗಿಂತ ಎಷ್ಟೋ ಉದ್ದ. ಕೇಂದ್ರದ ಹುಡುಗರು ಅದಕ್ಕೆ ಅಕ್ಕಿಶಂಖವೆಂದು ಹೆಸರಿಟ್ಟರು.

ನೋವಿನ ಸುದ್ದಿ ಒಂದು ನರದಿಂದ ಇನ್ನೊಂದಕ್ಕೆ ದಾಟುವ ಕಡೆ ಅತಿ ಚಿಕ್ಕ ಬಾಗಿಲುಗಳಿರುತ್ತವೆ. ಅಕ್ಕಿಶಂಖದ ವಿಷದಲ್ಲಿ ಆ ಬಾಗಿಲನ್ನಷ್ಟೇ ಮುಚ್ಚುವ ಒಂದು ಪದಾರ್ಥವಿತ್ತು. ಸ್ಪರ್ಶದ ಬಾಗಿಲನ್ನೂ ನೆನಪಿನ ಬಾಗಿಲನ್ನೂ ಅದು ಮುಟ್ಟುತ್ತಿರಲಿಲ್ಲ. ಅಮಲು ಬರಿಸುತ್ತಿರಲಿಲ್ಲ, ಚಟ ಹಿಡಿಸುತ್ತಿರಲಿಲ್ಲ. ಅದು ಸಣ್ಣ ಸಣ್ಣ ಕಣಗಳು ಮಣಿಯಂತೆ ಕೂಡಿದ ಸರ; ಕಾರ್ಖಾನೆಯಲ್ಲಿ ಅದನ್ನೇ ಪೋಣಿಸಲು ನೋಡಿದರು. ಪೋಣಿಸಿದ ಸರ ಸರಿಯಾಗಿ ಮಡಚಿಕೊಳ್ಳದೆ ಕೆಲಸಕ್ಕೆ ಬಾರದಾಯಿತು. ಶಂಖದ ಹೊಟ್ಟೆಯೊಳಗೇ ಅದು ಹುಟ್ಟಬೇಕಿತ್ತು. ಹೀಗಾಗಿ ಹಕ್ಕಿಕಲ್ಲಿನಿಂದ ತಂದ ಒಂದಿಷ್ಟು ಶಂಖಗಳನ್ನು ತೊಟ್ಟಿಗಳಲ್ಲಿ ಸಾಕಿ, ಮರಿ ಮಾಡಿಸಿ, ಅವುಗಳ ವಿಷ ಹಿಂಡಿ ಶಂಖಹನಿ ಎಂಬ ಮದ್ದು ಮಾಡುವ ದಾರಿ ಹುಡುಕಿದರು. ಮನುಷ್ಯರ ಮೇಲೆ ಪರೀಕ್ಷೆಗೆ ಮೊದಲ ಆಳು ಬೇಕೆಂದಾಗ, ಹೆಂಡತಿ ಬೇಡವೆಂದರೂ ಕೇಳದೆ ಹೆಸರು ಕೊಟ್ಟವನು ಸುಕೇಶ. ಆ ಪರೀಕ್ಷೆಯಿಂದ ಪ್ರತಿಮಾ ದೂರ ನಿಂತಳು. ಕೇಂದ್ರದ ನಿರ್ದೇಶಕ ಡಾ. ಅತ್ತಾರ ಅವರೇ ನಡೆಸಿದರು. ಹೊಟ್ಟೆಯ ಪಕ್ಕ ಚರ್ಮದಡಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ, ಅದರಿಂದ ಬೆನ್ನುಹುರಿಗೆ ಕೂದಲಿನಂಥ ನಳಿಗೆ. ಹನಿ ಇಳಿದ ಮೂರನೆಯ ದಿನ ಅವನ ಮುಷ್ಟಿ ಬಿಚ್ಚಿತ್ತು. ಈಗ ನಾಡಿನಾದ್ಯಂತ ಸಾವಿರಾರು ಜನರ ಮೈಯಲ್ಲಿ ಆ ಯಂತ್ರವಿತ್ತು. ಸುಕೇಶ ಕೇಂದ್ರದ ಬೋಟಿಗೇ ತಾಂಡೇಲನಾಗಿ, ಒಂದೇ ಕೈಯಲ್ಲಿ ಚುಕ್ಕಾಣಿ ಹಿಡಿದು ನೆಮ್ಮದಿಯಾಗಿದ್ದ.

ಅಂಥ ಸುಕೇಶ ಅಂದು ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿದ.

"ಕೈ ಉರಿತಾ ಇತ್ತ್," ಎಂದ.

ಪ್ರತಿಮಾ ಲೋಟ ಕೆಳಗಿಟ್ಟಳು. "ಯಾವತ್ತಿಂದ?"

"ಮೊನ್ನೆ ಹೊಸ ಮದ್ದ್ ತುಂಬ್ಸಿದ್ನಲೆ, ಅಲ್ಲಿಂದ ಶುರು. ಮೊದ್ಲ್ ಇರುವೆ ಹರ್ದಂಗೆ ಇತ್ತ್. ಇವತ್ತ್ ಕೆಂಡ."

"ಶೀತಕ್ ಇರ್ಕ್ ಮಗಾ," ಎಂದಳು ಒಲೆಯ ಬಳಿಯಿಂದ ತಾಯಿ ಗುಲಾಬಿ. ಆದರೆ ಹೇಳುವಾಗ ಅವಳ ಮುಖ ಕಪ್ಪಿಟ್ಟಿತ್ತು. ಆ ಎರಡು ವರ್ಷ ಅವಳಿಗೂ ನೆನಪಿತ್ತು.

ಪ್ರತಿಮಾ ಗಂಡನ ಮುಖವನ್ನೇ ನೋಡಿ, ಎದ್ದು ಚಪ್ಪಲಿ ಮೆಟ್ಟಿದಳು. "ಬನ್ನಿ, ಹೋಪ," ಎಂದಳು.

ಕೇಂದ್ರದ ಒಳಗೆ ಉದ್ದನೆಯ ಕೋಣೆ. ಸಾಲು ಸಾಲು ಗಾಜಿನ ತೊಟ್ಟಿಗಳು. ಪ್ರತಿ ತೊಟ್ಟಿಯಲ್ಲೂ ಹವಳದ ಚೂರು, ಅದಕ್ಕೆ ಅಂಟಿದ ನಸುಗೆಂಪು ಪಾಚಿ, ನಡುವೆ ಕಂಡೂ ಕಾಣದ ಶಂಖಗಳು. ಕೊನೆಯ ಗೋಡೆಯ ತುಂಬ ಪರದೆಗಳು. ನೀರಿನ ಬಿಸಿ, ಉಪ್ಪು, ವಿಷದ ಸತ್ವ ಎಲ್ಲವೂ ಅಲ್ಲಿ ಅಂಕಿಯಾಗಿ ಓಡುತ್ತಿದ್ದವು. ಡಾ. ಅತ್ತಾರ ವಿಜಯಪುರದ ಕಡೆಯವರು; ಎತ್ತರದ ಆಳು, ಮಾತು ನಿಧಾನ. ಸುಕೇಶನಿಗೆ ತುಂಬಿದ ಮದ್ದಿನ ಉಳಿಕೆಯನ್ನು ಅವರೇ ಸತ್ವ ಅಳೆಯುವ ಯಂತ್ರಕ್ಕೆ ಹಾಕಿ ನೋಡಿದರು.

"ಏನೂ ಫರಕ್ ಇಲ್ರೀ," ಎಂದರು. "ಮೊದಲ್ನೇ ವರ್ಷದ ಮದ್ದು ಹೆಂಗಿತ್ತೋ ಇದೂ ಹಂಗ ಐತಿ. ನೋಡ್ರಿ ಸುಕೇಶ್, ಮನಸ್ಸಿನ ಆಟನೂ ಇರ್ತದ. ಇಲ್ಲದ ಕೈ ನೋವು ಅಂದ್ರ ಅದು ಭಾಳ ಸೂಕ್ಷ್ಮ."

ಸುಕೇಶನ ಕಿವಿ ಕೆಂಪಾಯಿತು. ಮೊದಲ ಹನಿಯನ್ನು ಮೈಗೆ ಇಳಿಸಿಕೊಂಡವನು ಅವನು. ಮದ್ದು ಹಿಡಿಯಿತೋ ಇಲ್ಲವೋ ಎಂದು ದಿನವೂ ಇದೇ ಅತ್ತಾರರು ಅವನನ್ನು ಕೇಳಿ ಬರೆದುಕೊಂಡಿದ್ದರು.

"ಸಾರ್, ಆಗ ನಾ ಕಮ್ಮಿ ಆಯ್ತ್ ಅಂದ್ರೆ ನಂಬಿದ್ರಿ. ಈಗ ಜಾಸ್ತಿ ಆಯ್ತ್ ಅಂದ್ರೆ ಎಂತಕೆ ನಂಬುದಿಲ್ಲ?"

ಅತ್ತಾರರು ಉತ್ತರಿಸುವ ಮೊದಲೇ ಪ್ರತಿಮಾ ನಡುವೆ ಬಂದಳು. "ಸಾರ್, ಯಂತ್ರ ನಾವು ಹೇಳಿದ್ದನ್ನಷ್ಟೇ ಅಳೆಯುತ್ತದೆ. ನಮಗೆ ಗೊತ್ತಿರುವ ಒಂದು ಪದಾರ್ಥವನ್ನು ಮಾತ್ರ ಹುಡುಕು ಅಂತ ಹೇಳಿದ್ದೇವೆ. ಅದರ ಜೊತೆಗೆ ಇನ್ನೊಂದು ಇದ್ದಿದ್ದರೆ? ಅದು ಈಗ ಇಲ್ಲದಿದ್ದರೆ? ಇವರು ಉರಿ ಅಂದರೆ ಉರಿಯೇ. ಬೇಕಾದರೆ ನನ್ನ ಕೆಲಸವನ್ನೇ ಪಣಕ್ಕಿಡುತ್ತೇನೆ."

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸುಕೇಶನಿಗೆ ಎದೆ ತುಂಬಿಬಂತು. ಆ ಕ್ಷಣ ಉರಿ ಕೂಡ ಎರಡನೆಯದಾಯಿತು.

ಅತ್ತಾರರು ಗಡ್ಡ ಕೆರೆದುಕೊಂಡರು. ಅವರು ಹಟಮಾರಿಯಲ್ಲ, ಲೆಕ್ಕದ ಮನುಷ್ಯ. "ಪಣ ಗಿಣ ಬ್ಯಾಡ್ರಿ. ಪರೀಕ್ಷಾ ಮಾಡೂಣು," ಎಂದರು. ಹಕ್ಕಿಕಲ್ಲಿನಿಂದಲೇ ತಂದ ಮೊದಲ ಶಂಖಗಳ ಮದ್ದು ಸ್ವಲ್ಪ ಶೀತಪೆಟ್ಟಿಗೆಯಲ್ಲಿ ಉಳಿದಿತ್ತು. ಅದನ್ನೂ, ತೊಟ್ಟಿಯಲ್ಲಿ ಹುಟ್ಟಿದ ಅವುಗಳ ಮಕ್ಕಳ ಮದ್ದನ್ನೂ, ಮೊಮ್ಮಕ್ಕಳ ಮದ್ದನ್ನೂ ಬೇರೆ ಬೇರೆ ಶೀಶೆಗೆ ಹಾಕಿ, ಯಾವುದು ಯಾವುದೆಂದು ತಮಗೂ ಗೊತ್ತಾಗದಂತೆ ಬೇರೊಬ್ಬರಿಂದ ಗುರುತು ಹಾಕಿಸಿದರು. ಒಂದೊಂದನ್ನೂ ಕೆಲವು ದಿನ ಅವನ ಯಂತ್ರಕ್ಕೆ ತುಂಬಿ ಕೇಳಿದರು. ಮೊದಲನೆಯದಕ್ಕೆ ಸುಕೇಶ "ಇದ್ ಅರ್ಧಂಬರ್ಧ" ಎಂದ. ಎರಡನೆಯದಕ್ಕೆ, "ಇದ್ ಬರೀ ನೀರ್." ಮೂರನೆಯದಕ್ಕೆ ಕೇಂದ್ರದ ಅಂಗಳದಲ್ಲಿ ಕೂತು ಕಣ್ಣು ಮುಚ್ಚಿದ. ಮುಷ್ಟಿ ಬಿಚ್ಚಿಕೊಂಡಿತ್ತು.

ಗುರುತು ಒಡೆದು ನೋಡಿದಾಗ ಮೊದಲನೆಯದು ಮಕ್ಕಳದ್ದು, ಎರಡನೆಯದು ಮೊಮ್ಮಕ್ಕಳದ್ದು, ಮೂರನೆಯದು ಕಡಲಿನದ್ದು. ಅತ್ತಾರರು ಶೀಶೆಗಳನ್ನು ಮೇಜಿನ ಮೇಲಿಟ್ಟು ಸುಕೇಶನ ಎಡಗೈ ಹಿಡಿದುಕೊಂಡರು. "ತಪ್ಪು ತಿಳ್ಕೊಂಡಿದ್ದೆ. ಮನಸಿಗೆ ಹಚ್ಕೋಬ್ಯಾಡ್ರಿ," ಎಂದರು.

ತೊಟ್ಟಿಯಲ್ಲಿ ತಲೆಮಾರು ಕಳೆದಂತೆ ವಿಷದಿಂದ ಏನೋ ಒಂದು ಕಳಚಿಹೋಗುತ್ತಿತ್ತು. ಅದು ಯಾವುದೆಂದು ಹುಡುಕುವಷ್ಟರಲ್ಲಿ ದೂರದೂರದಿಂದ ಫೋನು ಬರತೊಡಗಿದವು. ಮೊಮ್ಮಕ್ಕಳ ಮದ್ದು ಈಗ ಎಲ್ಲೆಡೆ ತಲುಪಿತ್ತು. ಬಳ್ಳಾರಿಯ ಒಬ್ಬ ಲಾರಿ ಚಾಲಕ, ಮಂಗಳೂರಿನ ಒಬ್ಬ ನರ್ಸ್, ಎಲ್ಲರದ್ದೂ ಒಂದೇ ಮಾತು: ನೋವು ವಾಪಸು ಬಂದಿದೆ.

ಕೇಂದ್ರವನ್ನು ನಡೆಸುವ ಮಂಡಳಿ ತಡಮಾಡಲಿಲ್ಲ. ಕಡಲಿನ ಶಂಖದಲ್ಲಿ ಸತ್ವವಿದೆ ಎಂದರೆ ಕಡಲಿನಿಂದಲೇ ತನ್ನಿ, ಮಳೆಗಾಲಕ್ಕೆ ಮುಂಚೆ ಹಕ್ಕಿಕಲ್ಲಿನ ಬಡಗು ಬದಿಯ ತಳವನ್ನು ಕೆರೆದು ಎಲ್ಲವನ್ನೂ ಎತ್ತಿ ಎಂದು ಆದೇಶ ಬಂತು. ಕೆರೆಯುವ ಕಬ್ಬಿಣದ ಬಾಚು ತಾವು ಕಳಿಸುತ್ತೇವೆ, ಬೋಟುಗಳನ್ನು ಊರಿನವರಿಂದ ಬಾಡಿಗೆಗೆ ಹಿಡಿಯಿರಿ ಎಂದಿತ್ತು.

ಆ ದಿನ ಮನೆಯಲ್ಲಿ ಪ್ರತಿಮಾ ಮಧ್ಯಾಹ್ನದ ಊಟಕ್ಕೆ ಕೂತವಳು ಉಣ್ಣದೆ ಅನ್ನ ಕಲೆಸುತ್ತಲೇ ಇದ್ದಳು.

"ನಂಗೆ ಕೆರೂದ್ ಬೇಡ ಅನ್ಸತ್ತ್," ಎಂದಳು. "ಆ ಶಂಖದ ಮೊಟ್ಟಿ ಹವಳದ ಚೂರಿನ ಅಡಿಗೆ ಅಂಟ್ಕಂಡಿರತ್ತ್. ಕೆರದ್ರೆ ಮುಂದಿನ ಪೀಳಿಗೆನೂ ಹೋಯ್ತ್. ಭೂಮಿ ಮೇಲ್ ಬೇರೆ ಎಲ್ಲೂ ಅದ್ ಸಿಕ್ಲಿಲ್ಲ ಇಲ್ಲಿವರಿಗೆ. ಆದ್ರೆ ನಿಮ್ಮನ್ ಕಂಡ್ರೆ ನಂಗೆ ಹೇಳೂಕೆ ಬಾಯಿ ಬತ್ತಿಲ್ಲೆ."

ಸುಕೇಶ ಗೋಡೆಗೆ ಒರಗಿ ಕೂತಿದ್ದ. ಕಡಲಿನ ಮದ್ದಿನ ಉಳಿಕೆ ಮುಗಿದು ಮುಷ್ಟಿ ಮತ್ತೆ ಬಿಗಿದಿತ್ತು. ಮುಖದ ಮೇಲೆ ಬೆವರು.

"ನೀನ್ ಎಷ್ಟ್ ಟೈಮ್ ಸಿಕ್ರೆ ಕಂಡ್ ಹಿಡಿತೆ?"

"ಗೊತ್ತಿಲ್ಲೆ."

"ಕಂಡ್ ಹಿಡಿತೆ ಅಲ್ದಾ?"

ಪ್ರತಿಮಾ ಅವನನ್ನು ನೋಡಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಹಿಡಿತೆ ಅಂದೇಳಿ ಅನ್ಸತ್ತ್," ಎಂದಳು.

"ಹಂಗಾರೆ ನಾ ಮಾತಾಡ್ತೆ," ಎಂದ ಸುಕೇಶ.

ಮೀನುಗಾರರ ಸಭಾಭವನದಲ್ಲಿ ಬೋಟಿನವರೆಲ್ಲ ಸೇರಿದ್ದರು. ಆದೇಶವನ್ನು ಅತ್ತಾರರು ಓದಿದರು. ಓದುವಾಗ ಒಮ್ಮೆಯೂ ತಲೆ ಎತ್ತಲಿಲ್ಲ. ಬೋಟು ಮಾಲೀಕರ ಸಂಘದ ಅಧ್ಯಕ್ಷ ಆನಂದ ಮರಕಾಲ ಎದ್ದು ನಿಂತ. "ಬಾಡಿಗಿ ಲಾಯ್ಕ್ ಕೊಡ್ತ್ರ್ ಅಂಬ್ರ್. ಮದ್ದಿನ ಕೆಲ್ಸ, ನಾಕ್ ಜನಕ್ಕೆ ಒಳ್ಳೇದೂ ಆತ್ತ್. ನಾವ್ ಎಂತಕೆ ಬೇಡ ಅನ್ಕ್?"

ಮುಂದಿನ ಸಾಲಿನಲ್ಲಿ ನಿವೃತ್ತ ಶಿಕ್ಷಕಿ ಕಮಲಾಕ್ಷಿ ಟೀಚರ್ ಕೂತಿದ್ದರು. ಅವರಿಗೆ ಮುಖದ ನರದ ನೋವು. ಗಾಳಿ ತಾಗಿದರೂ, ಒಂದು ತುತ್ತು ಅಗಿದರೂ ದವಡೆಗೆ ಮಿಂಚು ಹೊಡೆದಂತಾಗುತ್ತಿತ್ತು. ಶಂಖಹನಿ ಬಂದ ಮೇಲೆ ಉಣ್ಣತೊಡಗಿದ್ದವರು ಈಗ ಮತ್ತೆ ಕೆನ್ನೆಗೆ ಟವೆಲು ಸುತ್ತಿಕೊಂಡು ಬರೇ ತಿಳಿಗಂಜಿಯಲ್ಲಿದ್ದರು.

ಸುಕೇಶ ಎದ್ದ.

"ಹಕ್ಕಿಕಲ್ಲಿನ ಬಡಗ್ ಬದಿಗೆ ನಮ್ಮಲ್ಲಿ ಯಾರೂ ಬಲೆ ಹಾಕುದಿಲ್ಲ. ದೇವ್ರ್ ಅಂದೇಳಿ ಅಲ್ಲ, ಕಲ್ಲಿಗೆ ಸಿಕ್ಕಿ ಬಲೆ ಹರಿತ್ತ್ ಅಂದೇಳಿ. ಅದ್ಕೇ ಆ ಜಾಗ ಉಳ್ಕಂಡಿತ್ತ್. ಈ ಕೈ ಕಾಣಿ. ಇದ್ರ ಉರಿ ಹೆಂಗಿರತ್ತ್ ಅಂದೇಳಿ ನಾ ಬೇರೆ ಹೇಳ್ಕ್ ಅಂತಿಲ್ಲ. ನೀವ್ ನಾಳೆ ಕೆರದ್ರೆ ಮೊದಲ್ನೇ ಮದ್ದ್ ನಂಗೇ ಸಿಕ್ಕತ್ತ್. ಆದ್ರೆ ಅದ್ ಎಷ್ಟ್ ಕಾಲಕ್ಕೆ? ತಂದ ಶಂಖದ ಮೊಮ್ಮಕ್ಳ್ ಮತ್ತೆ ಹಿಂಗೇ ಸಪ್ಪೆ ಆತ್ವ್. ಆಗ ಕೆರೂಕೆ ಎಲ್ಲಿಗ್ ಹೋಪುದ್? ಅಲ್ಲಿ ಎಂತದೂ ಇರುದಿಲ್ಲ. ನಂಗೂ ಇಲ್ಲ, ನನ್ ನಂತ್ರ ಕೈ ಕಳ್ಕಂಬ್ರಿಗೂ ಇಲ್ಲ."

ಆಗ ಕಮಲಾಕ್ಷಿ ಟೀಚರ್ ಟವೆಲು ಸರಿಸಿ, ಬಾಯಿ ಹೆಚ್ಚು ಅಲುಗಿಸದೆ ಕೇಳಿದರು. "ಸುಕೇಶ, ನೀನು ನನ್ನ ಕ್ಲಾಸಿನಲ್ಲಿ ಕಲಿತವ. ಕೇಳ್ತೇನೆ, ಸರಿಯಾಗಿ ಉತ್ತರ ಕೊಡು. ಈಗ ಕೆರೆಯದಿದ್ದರೆ ಮಳೆ ಮುಗಿಯುವವರೆಗೆ ಬೋಟು ಹೊರಡುವುದಿಲ್ಲ. ನಿನ್ನ ಹೆಂಡತಿಗೆ ಆಗದಿದ್ದರೆ ಅಷ್ಟು ದಿನ ನಾನು ಉಪವಾಸ. ಅವಳಿಂದ ಆಗ್ತದಾ?"

"ಆತ್ತ್ ಅಂದೇಳಿ ಬರ್ದ್ ಕೊಡೂಕೆ ನಂಗೆ ಆತಿಲ್ಲೆ ಟೀಚರೇ. ಆದ್ರೆ ಯಂತ್ರ ನನ್ನ ಸುಳ್ಳ್ ಅಂದಾಗ ನನ್ ಮಾತ್ ನಂಬಿದ್ದ್ ಅವ್ಳ್ ಒಬ್ಳೇ. ನಾ ಅವಳನ್ನ ನಂಬ್ತೆ. ನಂಬಿ ಉರಿ ತಡ್ಕಂತೆ."

ಟೀಚರ್ ಟವೆಲನ್ನು ಮತ್ತೆ ಕೆನ್ನೆಗೆ ಸುತ್ತಿಕೊಳ್ಳುತ್ತ ಆನಂದ ಮರಕಾಲನ ಕಡೆ ತಿರುಗಿದರು. "ನನ್ನ ಹೆಸರಿನಲ್ಲಿ ಕಡಲು ಕೆರೆಯಬೇಡಿ, ಆನಂದ," ಎಂದರು.

ಆನಂದ ಮರಕಾಲ ಸಭೆಯನ್ನೊಮ್ಮೆ ನೋಡಿದ. "ನೋವ್ ಇಪ್ಪರೇ ಬೇಡ ಅಂದ್ ಮೇಲ್ ನಮ್ದ್ ಎಂತ? ನಮ್ಮೂರಿಂದ ಒಂದ್ ಬೋಟೂ ಹೋತಿಲ್ಲೆ," ಎಂದ.

ಅತ್ತಾರರು ಆದೇಶವನ್ನು ಮಡಚಿ ಜೇಬಿಗಿಟ್ಟರು. "ಬೋಟ್ ಸಿಗಲಿಲ್ಲ ಅಂತ ಮಂಡಳಿಗೆ ತಿಳಸ್ತೀನಿ. ಸುಳ್ಳೇನಲ್ಲಲ್ರೀ," ಎಂದರು. ಹೊರಗೆ ಬರುವಾಗ ಅವರ ಹೆಜ್ಜೆ ಹಗುರವಾಗಿತ್ತು.

ಕಡಲಿನ ಶಂಖಕ್ಕಿರುವ ಯಾವುದು ತೊಟ್ಟಿಯದಕ್ಕಿಲ್ಲವೆಂದು ಕಂಡು ಬರಲು ಮರುದಿನವೇ ಕೇಂದ್ರದ ಬೋಟು ಹಕ್ಕಿಕಲ್ಲಿಗೆ ಹೊರಟಿತು. ಸುಕೇಶ ಎಡಗೈಯಲ್ಲಿ ಚುಕ್ಕಾಣಿ ಹಿಡಿದು, ಹಲ್ಲು ಕಚ್ಚಿಕೊಂಡು, ಅಲೆಗೆ ಅಡ್ಡ ಸಿಗದಂತೆ ಬೋಟನ್ನು ಬಡಗು ಬದಿಗೆ ತಂದು ನಿಲ್ಲಿಸಿದ. ಬಂಡೆಯ ಬಿರುಕುಗಳಿಂದ ಹಕ್ಕಿಗಳು ಚಿಮ್ಮಿ ಹಾರಾಡಿದವು. ಪ್ರತಿಮಾ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿದಳು. ಅವಳ ಕೈಯ ಕ್ಯಾಮೆರಾ ಕಂಡದ್ದೆಲ್ಲ ಬೋಟಿನ ಪರದೆಯಲ್ಲಿ ಸುಕೇಶನಿಗೂ ಕಾಣುತ್ತಿತ್ತು.

ತಳದಲ್ಲಿ ಬೆಳಕು ಹಸಿರು. ಹವಳದ ಚೂರುಗಳು ಒಡೆದ ಹಂಚಿನಂತೆ ರಾಶಿ ಬಿದ್ದಿದ್ದವು. ಸೆಳೆತವಿದ್ದದ್ದರಿಂದ ಕೆಸರು ನಿಲ್ಲದೆ ಸ್ವಚ್ಛವಾಗಿತ್ತು. ಒಂದು ಚೂರನ್ನು ಮಗುಚಿದಾಗ ಅಡಿಯಲ್ಲಿ ಬೇಳೆಯಂಥ ಮೊಟ್ಟೆಚೀಲಗಳು; ಅವಳು ಅದನ್ನು ಹಾಗೆಯೇ ತಿರುಗಿ ಮುಚ್ಚಿದಳು. ಪಕ್ಕದಲ್ಲಿ ಒಂದು ಅಕ್ಕಿಶಂಖ ಮೂಗಿನ ನಳಿಗೆ ಎತ್ತಿ ನೀರನ್ನು ಮೂಸುತ್ತಿತ್ತು. ಬಿರುಕಿನಿಂದ ಕೂದಲುಹುಳು ಹೊರಬಂತು. ಕಣ್ಣಿಗೆ ಕಾಣುವ ಮೊದಲೇ ಈಟಿ ಹೋಗಿತ್ತು. ಹುಳು ಕಡ್ಡಿಯಂತೆ ಸೆಟೆಯಿತು. ತೊಟ್ಟಿಯಲ್ಲೂ ಸುಕೇಶ ಇದನ್ನು ಎಷ್ಟೋ ಸಲ ಕಂಡಿದ್ದ. ಬೇರೆಯದೇನೂ ಇರಲಿಲ್ಲ.

ಅಷ್ಟರಲ್ಲಿ ಚೂರಿನ ಸಂದಿಯಿಂದ ಉಗುರಿನಷ್ಟಗಲದ ಏಡಿಯೊಂದು ಬಂದು ಶಂಖವನ್ನು ಕೊಂಬಿನಲ್ಲಿ ಎತ್ತಿಕೊಂಡಿತು. ಚಿಪ್ಪಿನ ಅಂಚು ಮುರಿಯತೊಡಗಿತು. ಶಂಖ ಮೈ ಒಳಗೆಳೆದುಕೊಂಡಿತು. ಆಮೇಲೆ ನಳಿಗೆಯ ತುದಿಯನ್ನಷ್ಟೇ ಹೊರಚಾಚಿ ಹಳದಿ ಹೊಗೆಯಂಥದನ್ನು ಏಡಿಯ ಮುಖಕ್ಕೆ ಉಗುಳಿತು. ಏಡಿ ಶಂಖವನ್ನು ಬಿಟ್ಟು, ಕಾಲು ತಡವರಿಸುತ್ತ ಹಿಂದಕ್ಕೆ ಸರಿಯಿತು.

ಕ್ಯಾಮೆರಾ ಅಲ್ಲೇ ನಿಂತುಬಿಟ್ಟಿತು. ಹೆಂಡತಿ ಉಸಿರು ಬಿಗಿಹಿಡಿದಿದ್ದಾಳೆಂದು ಗುಳ್ಳೆಗಳು ನಿಂತದ್ದರಿಂದಲೇ ಸುಕೇಶನಿಗೆ ಗೊತ್ತಾಯಿತು.

ಬೋಟು ಹತ್ತಿ ಮುಖವಾಡ ಕಳಚುತ್ತಲೇ ಅವಳೆಂದಳು: "ಕಂಡ್ರ್ಯಾ? ಬೇಟಿಗೆ ಬಿಳಿ ವಿಷ, ಜೀವ ಉಳ್ಸ್ಕಂಬುಕೆ ಹಳದಿ. ಎರಡ್ ನಮನಿ ಇತ್ತ್. ನಾವ್ ಕಡಲಿನ ಶಂಖ ಹಿಂಡುವಾಗ ಎರಡೂ ಒಟ್ಟಿಗೇ ಬತ್ತಿತ್ತ್. ತೊಟ್ಟಿಲಿ ಹಳದಿ ನಾ ಯಾವತ್ತೂ ಕಾಣ್ಲಿಲ್ಲ. ಅಲ್ಲಿ ಹುಟ್ಟಿದ್ದಕ್ಕೆ ಹೆದ್ರಿಕೆ ಅಂದ್ರೆ ಎಂತ ಅಂದೇಳಿಯೇ ಗೊತ್ತಿಲ್ಲೆ."

"ಬಿಳಿದ್ ಬಾಗ್ಲ್ ಮುಚ್ಚತ್ತ್," ಎಂದ ಸುಕೇಶ ನಿಧಾನವಾಗಿ.

"ಹಳದಿ ಚಿಲಕ ಹಾಕತ್ತ್," ಎಂದಳು ಪ್ರತಿಮಾ. ಒದ್ದೆ ಮುಖದ ತುಂಬ ನಗುವಿತ್ತು. ಮದುವೆಯಾದಂದಿನಿಂದ ಅವಳನ್ನು ಅಷ್ಟು ಚೆಲುವಾಗಿ ಕಂಡ ನೆನಪು ಅವನಿಗಿರಲಿಲ್ಲ.

ಏಡಿಗಳನ್ನು ತಂದರು. ತೊಟ್ಟಿಯೊಳಗೆ ಜಾಲರಿಯ ಗೂಡು ಇಳಿಬಿಟ್ಟು, ಶಂಖಗಳನ್ನು ತಿನ್ನಲಾಗದಂತೆ, ಆದರೆ ಏಡಿಯ ವಾಸನೆ ನೀರಿನಲ್ಲಿ ಬೆರೆಯುವಂತೆ ಅದರೊಳಗೆ ಬಿಟ್ಟರು. ದಿನ ಕಳೆದವು. ಶಂಖಗಳು ಎರಡು ದಿನ ಚೂರಿನಡಿ ಅಡಗಿದವು, ಆಮೇಲೆ ಏಡಿಯ ಗೂಡಿನ ಮೇಲೇ ತೆವಳಾಡತೊಡಗಿದವು. ಹಿಂಡಿದ ವಿಷ ಬೆಳ್ಳಗೇ ಇತ್ತು. ಹೊರಗೆ ಮೋಡ ಕಟ್ಟಿ, ಮೀನುಗಾರಿಕೆ ನಿಂತು, ಬೋಟುಗಳು ದಡ ಸೇರಿದವು.

ಮನೆಯಲ್ಲಿ ಸುಕೇಶನಿಗೆ ಅಂಗಿಯ ತೋಳು ತಾಗಿದರೂ ಸಹಿಸಲಾಗುತ್ತಿರಲಿಲ್ಲ. ಆಸ್ಪತ್ರೆಯ ಬೇರೆ ಮಾತ್ರೆ ನುಂಗಿದರೆ ಮಂಕು ಕವಿಯುತ್ತಿತ್ತು. ಮಂಕಾದರೆ ಹೊಸ ಮದ್ದಿನ ಗುಣ ತಿಳಿಯುವುದಿಲ್ಲವೆಂದು ಅವನು ಅದನ್ನೂ ಬಿಟ್ಟ. ಗುಲಾಬಿ ಮಗನ ಪಕ್ಕ ಕೂತು, ಏನೂ ಇಲ್ಲದ ಜಾಗಕ್ಕೆ ಬೀಸಣಿಗೆಯಿಂದ ಗಾಳಿ ಬೀಸುತ್ತಿದ್ದಳು.

"ಅಲ್ಲಿ ಕೈ ಇಲ್ಲೆ ಅಬ್ಬಿ," ಎಂದ ಒಮ್ಮೆ.

"ನಾ ಹೆತ್ತ್ ಕೈ. ಎಲ್ಲಿತ್ತ್ ಅಂದೇಳಿ ನಂಗೆ ಗೊತ್ತಿತ್ತ್," ಎಂದಳು ಅವಳು. ವಿಚಿತ್ರವೆಂದರೆ ಆ ಗಾಳಿ ಅವನಿಗೆ ತಂಪೆನಿಸಿತು.

ಮಾರನೆಯ ದಿನ ಅತ್ತಾರರು ತೊಟ್ಟಿಗಳ ಮುಂದೆ ಕೈಕಟ್ಟಿ ನಿಂತಿದ್ದರು. ಪ್ರತಿಮಾ ಏಡಿಗಳಿಗೆ ಊಟ ಹಾಕುತ್ತಿದ್ದಳು.

"ಇವಕ್ಕ ತಿನ್ನಾಕ ಏನ್ ಕೊಡ್ತೀರಿ?"

"ಸಿಗಡಿ ಚೂರು, ಸಾರ್."

"ಸಿಗಡಿ ತಿನ್ನೂ ಏಡಿ ಕಂಡ್ರ ಶಂಖಕ್ಕ ಯಾಕ್ರೀ ಭಯ? ತನ್ನ ಬಳಗ ತಿಂದವನ ವಾಸನಿ ಬಂದ್ರ ಅಲ್ಲೇನು ಎದಿ ನಡುಗೂದು?"

ಪ್ರತಿಮಾ ಚಿಮಟ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. ಅವಳು ಮೊಟ್ಟೆಯಿಂದ ಸಾಕಿದ ಶಂಖಗಳು ಅವು. ಸುಕೇಶ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳಿಗೆ ಕಷ್ಟವಾಗುತ್ತಿದೆಯೆಂದು ಅವನಿಗೆ ತಿಳಿಯಿತು. ಆದರೂ ಅವಳು ತೊಟ್ಟಿಗೆ ಕೈ ಹಾಕಿ ಕೆಲವು ಶಂಖಗಳನ್ನು ಆರಿಸಿ, ಏಡಿಯ ಗೂಡಿನೊಳಗೆ ಬಿಟ್ಟಳು. ಚಿಪ್ಪು ಒಡೆಯುವ ಸಣ್ಣ ಸದ್ದು ಗಾಜಿನಾಚೆಗೂ ಕೇಳಿತು.

ತೊಟ್ಟಿಯಲ್ಲಿದ್ದ ಉಳಿದೆಲ್ಲ ಶಂಖಗಳು ಒಮ್ಮೆಲೇ ನಳಿಗೆ ಎತ್ತಿದವು. ಮರುಗಳಿಗೆಯಲ್ಲಿ ಒಂದೂ ಕಾಣಲಿಲ್ಲ. ಎಲ್ಲವೂ ಚೂರಿನಡಿ ಸೇರಿದ್ದವು.

ಮುಂದಿನ ವಾರ ಹಿಂಡಿದ ವಿಷದಲ್ಲಿ ಹಾಲಿಗೆ ಅರಿಶಿನದ ಚಿಟಿಕೆ ಹಾಕಿದಂಥ ಛಾಯೆಯಿತ್ತು. ಅದರ ಮುಂದಿನ ವಾರ ಅದು ಗಾಢವಾಯಿತು. ಇಲಿಗಳ ಮೇಲೆ ನೋಡಿದರು, ಶುದ್ಧಮಾಡಿದರು, ಅನುಮತಿ ತರಿಸಿದರು. ಹಳದಿಯಲ್ಲಿದ್ದ ಎರಡನೆಯ ಪದಾರ್ಥವನ್ನು ಹುಡುಕಲು ಯಂತ್ರಕ್ಕೂ ಈಗ ಕಲಿಸಿಯಾಗಿತ್ತು; ಪರದೆಯಲ್ಲಿ ಎರಡು ಗೆರೆಗಳು ಜೊತೆಜೊತೆಯಾಗಿ ಎದ್ದು ನಿಂತವು. ಆದರೂ ಅತ್ತಾರರು ಹಿಂದಿನಂತೆಯೇ ಗುರುತು ಮುಚ್ಚಿದ ಶೀಶೆಗಳನ್ನು ಮಾಡಿಸಿದರು. "ಗೆರಿ ಎದ್ದರ ಸಾಲೂದಿಲ್ರೀ. ಸುಕೇಶ್ ಅವರು ಹೂಂ ಅನ್ನಬೇಕು," ಎಂದರು.

ಮೊದಲ ಶೀಶೆಗೆ ಸುಕೇಶ ತಲೆಯಾಡಿಸಿದ: ಬರೀ ನೀರು. ಎರಡನೆಯದನ್ನು ತುಂಬಿದ ಮೇಲೆ ಒಂದು ದಿನ ಏನೂ ಇಲ್ಲ. ಮರುದಿನ ಉರಿ ಸ್ವಲ್ಪ ದೂರ ಸರಿದಂತಾಯಿತು. ಮೂರನೆಯ ಬೆಳಗ್ಗೆ ಕಿರುಬೆರಳು ಬಿಚ್ಚಿತು. ಆಮೇಲೆ ಉಂಗುರದ ಬೆರಳು. ಒಂದೊಂದಾಗಿ, ಬಿಗಿದ ಗಂಟು ಸಡಿಲಿಸಿದಂತೆ, ಐದೂ ಬಿಚ್ಚಿಕೊಂಡವು. ಅವನು ಕೇಂದ್ರದ ಕೋಣೆಗೆ ನಡೆದುಹೋಗಿ, ಪರದೆಗಳ ಮುಂದೆ ಕೂತಿದ್ದ ಹೆಂಡತಿಯ ಹಿಂದೆ ನಿಂತ.

"ಪ್ರತಿಮಾ, ಇದೇ," ಎಂದ.

ಅವಳು ತಿರುಗಲಿಲ್ಲ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅತ್ತಾರರು ಗುರುತು ಒಡೆಯಲು ಹೋಗಿ, ಸ್ವಲ್ಪ ಹೊತ್ತು ಆ ಕಾಗದವನ್ನು ಓದಲಾಗದೆ ಕನ್ನಡಕ ಒರೆಸಿಕೊಂಡರು.

ಮಳೆ ಹಿಂದೆ ಸರಿಯುವ ಹೊತ್ತಿಗೆ ಎಲ್ಲ ತೊಟ್ಟಿಗಳಲ್ಲೂ ಏಡಿಯ ಗೂಡುಗಳಿದ್ದವು. ಹೊಸ ಮದ್ದು ಮೊದಲು ಹೋದದ್ದು ಕಮಲಾಕ್ಷಿ ಟೀಚರಿಗೆ. ಅವರು ಉಂಡು ಮುಗಿಸಿ ಫೋನು ಮಾಡಿ, ಏನು ಉಂಡೆನೆಂದು ಒಂದೊಂದನ್ನೂ ಹೆಸರು ಹಿಡಿದು ಹೇಳಿದರು. ಬಳ್ಳಾರಿಗೂ ಮಂಗಳೂರಿಗೂ ಪೆಟ್ಟಿಗೆಗಳು ಹೊರಟವು. ಹಕ್ಕಿಕಲ್ಲಿನ ಬಡಗು ಬದಿಯನ್ನು ಯಾರೂ ಕೆರೆಯಕೂಡದೆಂದು ಮಂಡಳಿಯೇ ಸರಕಾರಕ್ಕೆ ಬರೆಯಿತು. ಹಾಗೆ ಬರೆಯಿಸುವ ತನಕ ಅತ್ತಾರರು ಬಿಡಲಿಲ್ಲ.

ಮೀನುಗಾರಿಕೆ ಮತ್ತೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಬಡಾಕೋಡಿಯ ದಡದಲ್ಲಿ ಕೈರಂಪಣಿ ಎಳೆದರು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರವಾಗಿ ಬಿಟ್ಟು, ಎರಡು ತುದಿಯ ಹಗ್ಗವನ್ನು ಊರಿನವರೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ ಅದು. ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಕೈ ಹೋದ ಮೇಲೆ ಸುಕೇಶ ಆ ಹಗ್ಗದ ಹತ್ತಿರ ಹೋಗಿರಲಿಲ್ಲ. ಅಂದು ಎಡಗೈಯಲ್ಲಿ ಹಗ್ಗ ಹಿಡಿದು, ಬಲದ ಮೋಟುಗೈಯನ್ನು ಅದರ ಮೇಲೆ ಒತ್ತಿ, ಸಾಲಿನ ನಡುವೆ ನಿಂತ. ಅವನ ಹಿಂದೆ ಪ್ಯಾಂಟು ಮಡಚಿಕೊಂಡು ಅತ್ತಾರರು. ಕಡಲು ಕಂಡೇ ದೊಡ್ಡವರಾದವರಂತೆ ಗತ್ತಿನಿಂದ ಎಳೆಯುತ್ತಿದ್ದರು. ಪ್ರತಿಮಾ ಕೇಂದ್ರದಿಂದ ಬಂದು ಮರಳಿನ ಮೇಲೆ ಅತ್ತೆಯ ಪಕ್ಕ ನಿಂತಿದ್ದಳು.

ಬಲೆ ದಡ ಮುಟ್ಟಿದಾಗ ಬಂಗುಡೆಯ ಬೆಳ್ಳಿ ಬಿಸಿಲಿಗೆ ಕಣ್ಣು ಕುಕ್ಕಿತು. ಆನಂದ ಮರಕಾಲ ಕೂತು ಪಾಲು ಹಾಕತೊಡಗಿದ. ಎಲ್ಲರ ರಾಶಿ ಆದ ಮೇಲೆ ಒಂದು ಬುಟ್ಟಿ ಬೇರೆಯಾಗಿ ತುಂಬಿಸಿದ. ಅದು ಎಲ್ಲಕ್ಕಿಂತ ದೊಡ್ಡದಿತ್ತು.

ಮೀನು ಕೊಳ್ಳಲು ಬಂದಿದ್ದ ಹೊರಗಿನ ವ್ಯಾಪಾರಿಯೊಬ್ಬ ಬುಟ್ಟಿಗೆ ಇಣುಕಿದ. "ಇದು ಯಾರ ಪಾಲು? ಇಷ್ಟು ದೊಡ್ಡದು?"

"ಪ್ರತಿಮಂದ್," ಎಂದ ಆನಂದ.

"ಅವರು ಹಗ್ಗ ಹಿಡಿದದ್ದು ನಾನು ನೋಡಲಿಲ್ಲವಲ್ಲ."

"ಹಕ್ಕಿಕಲ್ಲ್ ಹಿಡ್ಕಂಡ್ರಲೆ," ಎಂದು ಆನಂದ ಮುಂದಿನ ಬುಟ್ಟಿಗೆ ಕೈ ಹಾಕಿದ.

ವ್ಯಾಪಾರಿಗೆ ಅರ್ಥವಾಗಲಿಲ್ಲ. ಅವನು ಪಕ್ಕದಲ್ಲಿದ್ದ ಸುಕೇಶನ ಕಡೆ ತಿರುಗಿದ. "ಯಾರವರು?"

ಸುಕೇಶ ತಲೆಗೆ ಟವೆಲಿನ ಸಿಂಬಿ ಇಟ್ಟುಕೊಂಡು ಬುಟ್ಟಿಯ ಮುಂದೆ ಬಗ್ಗಿದ. ಅತ್ತಾರರು ಇನ್ನೊಂದು ಬದಿ ಹಿಡಿದು ಎತ್ತಿಕೊಟ್ಟರು. ಬುಟ್ಟಿ ತಲೆಯ ಮೇಲೆ ಸರಿಯಾಗಿ ಕೂತ ಮೇಲೆ ಬೆನ್ನು ನೆಟ್ಟಗೆ ಮಾಡಿ, ದಡದವರಿಗೆಲ್ಲ ಕೇಳುವ ಹಾಗೆ ಹೇಳಿದ:

"ನಮ್ ಮನಿಯವ್ಳ್."

ಹೇಳಿ, ಮೀನಿನ ನೀರು ಭುಜದ ಮೇಲೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಹೆಂಡತಿ ನಿಂತಿದ್ದ ಕಡೆಗೆ ಮರಳಿನಲ್ಲಿ ನಡೆದ.